ಏರ್‌ಫಿಕ್ಸ್‌ನ ಹಳೇ ನ್ಯಾಟ್ ಕಿಟ್: ನಮ್ಮ ವಾಯುಪಡೆಯ ವಿಮಾನ ಮಾಡೋಕಾಗತ್ತಾ?

ಶಾಲ್ಮಲಾ_ಕೆ
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿದ್ದ ಚಿಕ್ಕಪ್ಪ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕಿದ ಒಂದು ಕಿಟ್ ನನಗೆ ಕೊಟ್ಟಿದ್ದಾರೆ. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಮಾಡೆಲ್, 1/72 ಅಳತೆ, ಫಾಲಂಡ್ ನ್ಯಾಟ್ ಅನ್ನೋ ಪುಟ್ಟ ಜೆಟ್ ವಿಮಾನ. ಡಬ್ಬಿ ಇಲ್ಲ. ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಮಡಚಿದ ಕಾಗದ, ಕಾಗದಕ್ಕೆ ಪಿನ್. ಒಳಗಿನ ಭಾಗಗಳೆಲ್ಲ ಸರಿಯಾಗಿವೆ.

ಅಪ್ಪ ಎಚ್‌ಎಎಲ್ ಎಂಜಿನ್ ಡಿವಿಷನ್ನಿನಲ್ಲಿ ಫಿಟ್ಟರ್ ಆಗಿದ್ದರು, ನ್ಯಾಟ್‌ನ ಆರ್ಫಿಯಸ್ ಎಂಜಿನ್ ಜೋಡಿಸೋ ಕೆಲಸ. ಹಾಗಾಗಿ ಇದನ್ನ 1965ರ ನಮ್ಮ ವಾಯುಪಡೆಯ ನ್ಯಾಟ್ ಆಗಿ ಮಾಡಬೇಕು ಅಂತ ಆಸೆ. ಹೊಸ ಕಿಟ್ ಕೆಲವು ಮಾಡಿದೀನಿ, ಇಷ್ಟು ಹಳೇದು ಮುಟ್ಟಿಲ್ಲ. ಮೈತುಂಬ ಉಬ್ಬಿದ ರಿವೆಟ್ಟು. ರೆಕ್ಕೆಯ ಹಿಂದಿನ ಅಂಚು ದಪ್ಪ. ಡೆಕಾಲ್ ಹಾಳೆ (ಮೈಮೇಲೆ ಅಂಟಿಸೋ ಗುರುತುಗಳದ್ದು) ಹಳದಿ ಆಗಿದೆ. ಕ್ಯಾನಪಿ, ಅಂದ್ರೆ ಪೈಲಟ್ ಸೀಟಿನ ಮೇಲಿನ ಪಾರದರ್ಶಕ ಮುಚ್ಚಳ, ಮಂಜು ಹಿಡಿದ ಹಾಗಿದೆ. ಎಲ್ಲಿಂದ ಶುರು ಮಾಡಲಿ?

ರನ್‌ವೇ_ರಘು
ಫೋಟೋ ಇಲ್ದೆ ಏನ್ ಹೇಳೋದು? ಮೊದ್ಲು ಫೋಟೋ ಹಾಕಿ.

ಶಾಲ್ಮಲಾ_ಕೆ
ಹಾಕಿದೀನಿ ನೋಡಿ.

ಎಪ್ಪತ್ತೆರಡರಲ್ಲೊಂದು
ಮೇಡಂ, ರಿವೆಟ್ಟು, ಡೆಕಾಲು ಎಲ್ಲ ಆಮೇಲೆ. ಮೊದಲು ಮೂಲದ ವಿಷಯ ಕೇಳಿ. ನಿಮ್ಮ ಕೈಯಲ್ಲಿರೋದು ನ್ಯಾಟ್ ಟಿ.1, ಅಂದ್ರೆ ಎರಡು ಸೀಟಿನ ತರಬೇತಿ ವಿಮಾನ. ಬ್ರಿಟನ್ನಿನ ವಾಯುಪಡೆ 105 ತಗೊಂಡಿತ್ತಲ್ಲ, ಅವರ ಸಾಹಸ ಹಾರಾಟದ ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಕೆಂಪು ಬಳಿದು ಹಾರಿಸ್ತಲ್ಲ, ಅದು. ನಮ್ಮವರು ಹಾರಿಸಿದ್ದು, ಬೆಂಗಳೂರಲ್ಲಿ ಕಟ್ಟಿದ್ದು ಎಫ್.1, ಒಂದೇ ಸೀಟಿನ ಫೈಟರ್. ಹೆಸರು ಒಂದೇ, ವಿಮಾನ ಬೇರೆ ಬೇರೆ ಅಂತಲೇ ಇಟ್ಕೊಳ್ಳಿ.

ಫೈಟರ್ ಉದ್ದ ಸುಮಾರು 8.74 ಮೀಟರ್, ಟ್ರೈನರ್ 9.68. ರೆಕ್ಕೆಯ ಹರವು 6.7 ಮೀಟರ್ ಚಿಲ್ಲರೆ, ಟ್ರೈನರ್‌ಗೆ 7.32. ಎಪ್ಪತ್ತೆರಡರಿಂದ ಭಾಗಿಸಿ: ಮೈಯಲ್ಲಿ 1.3 ಸೆಂಟಿಮೀಟರ್ ಹೆಚ್ಚು, ರೆಕ್ಕೆ ಒಂದೊಂದು ಕಡೆ 4 ಮಿಲಿಮೀಟರ್ ಹೆಚ್ಚು. ಕತ್ತರಿಸಿದ್ರೆ ಆಯ್ತು ಅನ್ಕೋಬೇಡಿ. ರೆಕ್ಕೆಯ ವಿಸ್ತೀರ್ಣವೇ 136 ಚದರಡಿಯಿಂದ 175ಕ್ಕೆ ಏರಿದೆ, ಅಂದ್ರೆ ಬುಡದಲ್ಲೂ ಅಗಲ. ಬಾಲ ದೊಡ್ಡದು. ಫೈಟರ್‌ನಲ್ಲಿ ಐಲೆರಾನ್ (ವಿಮಾನ ವಾಲಿಸೋ ರೆಕ್ಕೆಯ ಪಟ್ಟಿ) ಮೈಗೆ ಹತ್ತಿರ ಇದ್ದು ಇಳಿಯುವಾಗ ಅದೇ ಫ್ಲ್ಯಾಪ್ ಆಗ್ತಿತ್ತು. ಟ್ರೈನರ್‌ನಲ್ಲಿ ಐಲೆರಾನ್ ಹೊರಗೆ, ಫ್ಲ್ಯಾಪ್ ಒಳಗೆ. ಇಷ್ಟೆಲ್ಲ ಬದಲಾಯಿಸಿದ ಮೇಲೆ ಏರ್‌ಫಿಕ್ಸ್‌ದು ಅಂತ ಉಳಿಯೋದು ಚಕ್ರ ಮಾತ್ರ.

ಶಾಲ್ಮಲಾ_ಕೆ
ಅಯ್ಯೋ. ಮುಂದಿನ ಕ್ಯಾನಪಿ ಇಟ್ಕೊಂಡು ಹಿಂದಿನ ಸೀಟ್ ಮುಚ್ಚಿದ್ರೆ ಆಗಲ್ವಾ? ಒಂದಡಿ ದೂರದಿಂದ ಯಾರಿಗೆ ಗೊತ್ತಾಗತ್ತೆ?

ಎಪ್ಪತ್ತೆರಡರಲ್ಲೊಂದು
ನನಗೆ ಗೊತ್ತಾಗತ್ತೆ. 🙂

ಹುಬ್ಬಳ್ಳಿ_ಹಂಟರ್
ಏಕ್ ಸೆ ಬಹತ್ತರ್ ಸಾಹೇಬ್ರ, ನಿಮ್ಗ ಗೊತ್ತಾಗ್ತದ ಅಂತ ಅವ್ರು ಯಾಕ ಬಿಡಬೇಕ್ರೀ? ಅಕ್ಕಾರ, ನೀವು ಮಾಡ್ರಿ. ಹಿಂದಿನ ಸೀಟ್ ಮುಚ್ರಿ, ಬೆಳ್ಳಿ ಬಣ್ಣ ಹೊಡೀರಿ, ನಮ್ಮ ವಾಯುಪಡೆಯ ಗುಂಡು ಗುರುತು, ರೌಂಡೆಲ್, ಅಂಟಿಸ್ರಿ. ಶೋಕೇಸ್‌ದಾಗ ಇಟ್ಟ ಮ್ಯಾಲೆ ಟೇಪ್ ಹಿಡ್ಕೊಂಡು ಬರೋರು ಯಾರೂ ಇಲ್ಲ. ನಾ ಸಣ್ಣಾಂವ ಇದ್ದಾಗ ಬಣ್ಣದ ಪೇಟಿ ಒಳಗಿನ ಬಣ್ಣ ಬಳದು ಮಿಗ್ ಮಾಡೀನಿ, ಅದು ಇವತ್ತಿಗೂ ಮಿಗ್‌ನ ಐತಿ.

ಸೀಲ್ಡ್_ಚೀಲ
ದಯವಿಟ್ಟು ತೆರೀಬೇಡಿ! ಪಿನ್ ಸಮೇತ ಇರೋ ಚೀಲದ ಕಿಟ್ ಈಗೆಲ್ಲಿ ಸಿಗತ್ತೆ? ಏರ್‌ಫಿಕ್ಸ್ 1952ರಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ಟನ್ನ ಎರಡು ಶಿಲಿಂಗಿಗೆ ಮಾರೋಕೇ ಈ ಚೀಲದ ಉಪಾಯ ಮಾಡಿತ್ತು, ವುಲ್‌ವರ್ತ್ಸ್ ಅಂಗಡಿಗೋಸ್ಕರ. ಆ ಚೀಲವೇ ಇತಿಹಾಸ. ಹಾಗೇ ಇಡಿ, ಇಲ್ಲಾ ನನಗೆ ಕೊಡಿ. ಬೆಲೆ ಖಾಸಗಿ ಸಂದೇಶದಲ್ಲಿ ಮಾತಾಡೋಣ.

ರನ್‌ವೇ_ರಘು
ಬಂದ್ರಪ್ಪ ಗಿರಾಕಿ.

ಶಾಲ್ಮಲಾ_ಕೆ
ಪಿನ್ ಆಗಲೇ ತೆಗೆದಾಯ್ತು ಸರ್. ಭಾಗಗಳನ್ನ ವಿಮ್ ಹಾಕಿ ತೊಳೆದೂ ಆಯ್ತು.

ಸೀಲ್ಡ್_ಚೀಲ
😭

ಬಜ್ಪೆ_ಭಟ್ರು
ತೊಳೆದದ್ದು ಒಳ್ಳೆದಾಯ್ತು ಮಾರಾಯ್ರೆ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಚ್ಚಿದ ಎಣ್ಣೆಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹಳೆ ಕಿಟ್ಟಿಗಂತೂ ಇದು ಆಗಲೇಬೇಕು.

ಮೂತಿಗೆ ಭಾರ ಹಾಕಲು ಮರೆಯಬೇಡಿ. ಮೂರು ಚಕ್ರದ ವಿಮಾನ, ಭಾರ ಇಲ್ಲದಿದ್ದರೆ ಬಾಲ ಊರಿ ಕೂರುತ್ತದೆ. ನಾವು ಇಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡು ಹಾಕುವುದು. ಆದರೆ ಅದನ್ನು ಫೆವಿಕಾಲ್‌ನಲ್ಲಿ ಅಂಟಿಸಬೇಡಿ. ಸೀಸಕ್ಕೂ ಆ ಬಿಳಿ ಗೋಂದಿಗೂ ಆಗಿಬರುವುದಿಲ್ಲ. ನಿಧಾನಕ್ಕೆ ಬಿಳಿ ಪುಡಿ ಕಟ್ಟಿ, ಉಬ್ಬಿ, ಕೆಲವು ವರ್ಷದ ಮೇಲೆ ಮೂತಿಯನ್ನೇ ಸೀಳಿ ಹಾಕುತ್ತದೆ. ನನ್ನ ಗೆಳೆಯರ ಒಂದು ಮಾಡೆಲ್ ಬೀರುವಿನ ಒಳಗೇ ಹಾಗೆ ಬಾಯಿ ಬಿಟ್ಟಿತ್ತು. ಅರಾಲ್ಡೈಟ್ ಹಾಕಿ. ಅಥವಾ ಸೀಸವೇ ಬೇಡ, ಹಳೆ ಬೇರಿಂಗಿನ ಉಕ್ಕಿನ ಗುಂಡು ಸಾಕು.

ಹೊಸಬ_17
ಬಾಲ ಊರಿ ಕೂತ್ರೆ ಕೆಳಗೆ ಒಂದು ಪಾರದರ್ಶಕ ಕಡ್ಡಿ ಕೊಡಬಹುದಲ್ವಾ?

ಎಪ್ಪತ್ತೆರಡರಲ್ಲೊಂದು
ಕೊಡಬಹುದು. ಕೊಟ್ಟವರನ್ನ ಇಲ್ಲಿ ಯಾರೂ ಮಾತಾಡಿಸಲ್ಲ.

ಮಲೆನಾಡ_ಮಾಡೆಲರ್
ರಿವೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡ್ತೀನಿ.

ರಿವೆಟ್ ತಲೆ ಅಗಲ 0.3 ಮಿ.ಮೀ. ಇದೆ ಅಂತಿಟ್ಕೊಳ್ಳಿ. 72ರಿಂದ ಗುಣಿಸಿದರೆ ನಿಜವಾದ ವಿಮಾನದ ಮೇಲೆ ಎರಡು ಸೆಂಟಿಮೀಟರ್ ದಾಟಿತು. ಜೆಟ್ ಫೈಟರ್ ಮೈಮೇಲೆ ಅಷ್ಟು ದೊಡ್ಡ ಗುಬುಟು ಇರತ್ತಾ? ನಿಜದಲ್ಲಿ ರಿವೆಟ್ಟುಗಳು ಮೈಗೆ ಸಮವಾಗಿ ಕೂತಿರ್ತವೆ, ಗಾಳಿಗೆ ತಡೆ ಆಗಬಾರದು ಅಂತ. ಹಾಗಾಗಿ ನನ್ನ ಸಲಹೆ: ಎಲ್ಲ ಉಜ್ಜಿ ಹಾಕಿ. 600ರ ವಾಟರ್ ಪೇಪರ್, ಆಮೇಲೆ 1000, ನೀರು ಹಾಕ್ಕೊಂಡೇ. ಉಬ್ಬಿದ ಗೆರೆಗಳು ಹೋಗೋ ಮುಂಚೆ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೊಳ್ಳಿ. ಡೈಮೊ ಟೇಪ್ ಅಂಟಿಸಿ ಅದನ್ನೇ ಸ್ಕೇಲ್ ಮಾಡ್ಕೊಂಡು ಸೂಜಿಯಿಂದ ಮತ್ತೆ ಗೀರಿ. ಕೈ ಭಾರ ಬಿಡಬಾರದು, ಹಗುರಕ್ಕೆ ಹಲವು ಸಲ. ಮೊದಲ ಸಲವೇ ಒತ್ತಿದ್ರೆ ಸೂಜಿ ದಾರಿ ತಪ್ಪತ್ತೆ.

ಏರೋ_ವಿಶ್ವ
ಇದೇ ಲೆಕ್ಕ ನಿಮ್ಮ ಗೀರಿದ ಗೆರೆಗೂ ಹಾಕಿ ನೋಡೋಣ. ಸೂಜಿ ಗೀರು 0.2 ಮಿ.ಮೀ. ಅಂದ್ರೂ ನಿಜದಲ್ಲಿ 14 ಮಿ.ಮೀ. ಅಗಲದ ಚರಂಡಿ ಆಯ್ತು. ಬೆರಳು ತೂರೋ ಅಷ್ಟು ಸಂದು ಇರೋ ವಿಮಾನ ಯಾರು ಹಾರಿಸ್ತಾರೆ? ಉಬ್ಬು ಸುಳ್ಳು, ತಗ್ಗು ಮಾತ್ರ ಸತ್ಯ ಅನ್ನೋದು ಈಗಿನ ಫ್ಯಾಶನ್ನು ಅಷ್ಟೇ. ಅರ್ಧ ಉಜ್ಜಿ, ನೆರಳಿನ ಹಾಗೆ ಉಳಿಸಿ, ಬಣ್ಣ ಬಿದ್ದ ಮೇಲೆ ಸರಿ ಕಾಣತ್ತೆ.

ಮಲೆನಾಡ_ಮಾಡೆಲರ್
ಗೀರಿದ ಗೆರೆಗೆ ವಾಶ್ (ನೀರಾಗಿಸಿದ ಕಪ್ಪು ಬಣ್ಣ) ಕೊಟ್ಟರೆ ಕಪ್ಪು ನಿಲ್ಲತ್ತೆ. ಉಬ್ಬಿಗೆ ಕೊಟ್ಟರೆ ಸುತ್ತ ಕೊಳೆ ಕೂತ ಹಾಗೆ ಕಾಣತ್ತೆ.

ಏರೋ_ವಿಶ್ವ
ಕಪ್ಪು ಯಾಕೆ ನಿಲ್ಲಬೇಕು? ನ್ಯಾಟ್ ಏನು ಬಾತ್‌ರೂಮ್ ಟೈಲ್ಸಾ?

ರನ್‌ವೇ_ರಘು
ಈ ಜಗಳ ಪ್ರತಿ ಕಿಟ್ಟಿಗೂ ಆಗತ್ತೆ ಮೇಡಂ, ಗಾಬರಿ ಆಗ್ಬೇಡಿ. ರೆಕ್ಕೆಯ ಹಿಂದಿನ ಅಂಚು ದಪ್ಪ ಅಂದ್ರಲ್ಲ, ಅದಕ್ಕೆ ಮದ್ದು ಸುಲಭ. ಅಂಟಿಸೋ ಮುಂಚೆ ಮೇಲಿನ ಭಾಗ, ಕೆಳಗಿನ ಭಾಗ ಎರಡನ್ನೂ *ಒಳಗಡೆಯಿಂದ* ತೇಯಿರಿ. ಗಾಜಿನ ಮೇಲೆ 400ರ ಪೇಪರ್ ಅಂಟಿಸಿ, ಅದರ ಮೇಲೆ ರೆಕ್ಕೆ ಉಜ್ಜಿ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಪ್ಲಾಸ್ಟಿಕ್ ತೆಳ್ಳಗೆ ಮಿಣುಗಬೇಕು, ಅಷ್ಟಾದಾಗ ನಿಲ್ಲಿಸಿ. ಹಳೇ ಕಿಟ್ಟನ್ನ ಹೊಸದರ ಹಾಗೆ ಕಾಣಿಸೋದು ಇದೊಂದೇ ಕೆಲಸ. ರಿವೆಟ್ಟು ಗಿವೆಟ್ಟು ಎಲ್ಲ ಎರಡನೇ ಮಾತು.

ಹೊಸಬ_17
ಪಟ್ಟಿ ಯಾವುದು ತಗೋಬೇಕು? ಜಪಾನಿನ ಟ್ಯೂಬ್ ತುಂಬಾ ದುಬಾರಿ.

ಬಜ್ಪೆ_ಭಟ್ರು
ಪುಟ್ಟಿ ಅಲ್ಲವಾ ನೀವು ಕೇಳಿದ್ದು? ದೊಡ್ಡ ಸಂದಿಗೆ ಎಂ-ಸೀಲ್. ಕಲಸಿ ತುಂಬಿ, ಬೆರಳು ನೀರಲ್ಲಿ ಅದ್ದಿ ಸವರಿದರೆ ತೇಯುವ ಕೆಲಸ ಅರ್ಧ ಕಡಿಮೆ. ಸಣ್ಣ ಸಂದಿಗೆ ಫೆವಿಕ್ವಿಕ್, ಮೇಲೆ ಚೂರು ಅಡುಗೆ ಸೋಡಾ. ಆದರೆ ಅದನ್ನು ಬೇಗ ತೇಯಬೇಕು. ರಾತ್ರಿ ಹಾಕಿ ಬೆಳಿಗ್ಗೆ ತೇಯುತ್ತೇನೆ ಅಂದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ ಆಗಿರುತ್ತದೆ, ಅಕ್ಕಪಕ್ಕದ ಮೈ ಸವೆದು ಅದು ಮಾತ್ರ ದಿಬ್ಬದ ಹಾಗೆ ನಿಲ್ಲುತ್ತದೆ.

ಹೊಸಬ_17
ಹೌದು, ಪುಟ್ಟಿ. ಕೀಬೋರ್ಡ್ ತಪ್ಪು. ಥ್ಯಾಂಕ್ಸ್ ಭಟ್ರೆ.

ನಿವೃತ್ತ_ಸಾರ್ಜೆಂಟ್
ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು ನಾನು. ನ್ಯಾಟ್ ಮೇಲೂ ಕೆಲಸ ಮಾಡಿದ್ದೇನೆ. ಇಲ್ಲಿಯವರೆಗೆ ಯಾರೂ ಹೇಳದ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು, ಚಕ್ರದ ಬಾಗಿಲು. ನ್ಯಾಟ್‌ಗೆ ಪ್ರತ್ಯೇಕ ಏರ್‌ಬ್ರೇಕ್ ಇರಲಿಲ್ಲ. ಚಕ್ರಗಳನ್ನು ಸ್ವಲ್ಪ ಕೆಳಗಿಳಿಸಿದರೆ ಅವುಗಳ ಬಾಗಿಲುಗಳೇ ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುತ್ತಿದ್ದವು. ತೆಳು ರೆಕ್ಕೆಯಲ್ಲಿ ಚಕ್ರ ಮಡಚಲು ಜಾಗ ಇಲ್ಲ, ಅದಕ್ಕೇ ಮೂರೂ ಚಕ್ರ ಮೈಯೊಳಗೆ. ಕಿಟ್ಟಿನ ಬಾಗಿಲು ದಪ್ಪ ಇರುತ್ತದೆ, ಅದನ್ನು ತೇಯ್ದು ತೆಳ್ಳಗೆ ಮಾಡಿ. ಚಕ್ರಕ್ಕೆ ಅಂಟಿಕೊಂಡಂತೆ ನೆಟ್ಟಗೆ ಕೂರಿಸಿ. ನ್ಯಾಟ್ ನೆಲದ ಮೇಲೆ ನಿಂತ ಭಂಗಿ ಬರುವುದು ಅಲ್ಲಿಂದಲೇ.

ಎರಡನೆಯದು, ಗನ್ನು. ಫೈಟರ್‌ಗೆ 30 ಮಿ.ಮೀ. ಏಡನ್ ಎರಡು, ಗಾಳಿ ಒಳಗೆ ಹೋಗುವ ಬಾಯಿಯ ಹೊರಗೋಡೆಗೆ ಒಂದೊಂದು. ಟ್ರೈನರ್‌ಗೆ ಅದಿಲ್ಲ. ಹುಬ್ಬಳ್ಳಿಯವರು ಹೇಳಿದ ಹಾಗೆ ರೌಂಡೆಲ್ ಅಂಟಿಸಿದರೆ ಗನ್ನಿಲ್ಲದ ಯುದ್ಧವಿಮಾನ ಆಗುತ್ತದೆ.

ರೌಂಡೆಲ್ ಹಾಕುವುದೇ ಆದರೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ತಿರುವುಮುರುವಾಗಿ ಅಂಟಿಸಿದ್ದನ್ನು ಪ್ರದರ್ಶನಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಹುಬ್ಬಳ್ಳಿ_ಹಂಟರ್
ಸಾರ್ಜೆಂಟ್ ಸಾಹೇಬ್ರಿಗೆ ನಮಸ್ಕಾರ್ರಿ. ಗನ್ ಮಾಡೂದೇನ್ ದೊಡ್ಡದಲ್ಲ ಬಿಡ್ರಿ. ಇಂಜೆಕ್ಷನ್ ಸೂಜಿ ಕತ್ತರಿಸಿ ಕೂಡ್ರಿಸಿದ್ರ ಆತು.

ಅಂದಂಗ ಕೇಳ್ತೀನಿ, ನ್ಯಾಟ್‌ನಾಗ ಗನ್ ಜ್ಯಾಮ್ ಆಗ್ತಿದ್ವು ಅಂತಾರಲ್ಲ, ಖರೇನ?

ನಿವೃತ್ತ_ಸಾರ್ಜೆಂಟ್
ಆಗುತ್ತಿದ್ದವು. ಆದರೂ ಪಾಕಿಸ್ತಾನದ ಸೇಬರ್ ಜೆಟ್‌ಗಳಿಗೆ ಬೇಕಾದಷ್ಟು ಕೆಲಸ ಕೊಟ್ಟವು.

ಏರೋ_ವಿಶ್ವ
1965ರ ಸೆಪ್ಟೆಂಬರ್ 3, ನಮ್ಮ ನ್ಯಾಟ್ ಪೈಲಟ್ ಟ್ರೆವರ್ ಕೀಲರ್. ಮೊದಲ ಸೇಬರ್ ಬೇಟೆ.

ಎಪ್ಪತ್ತೆರಡರಲ್ಲೊಂದು
ಆ ಸೇಬರ್ ಪೆಟ್ಟು ತಿಂದು ವಾಪಸ್ ಹೋಗಿ ಇಳೀತು ಅನ್ನೋದು ಪಾಕಿಸ್ತಾನದವರ ವಾದ. ಅದೇ ದಿನ ನಮ್ಮ ನ್ಯಾಟ್ ಒಂದು ಪಸ್ರೂರಿನಲ್ಲಿ ಇಳಿದು ಅವರ ಕೈಗೆ ಸಿಕ್ಕಿದ್ದನ್ನ ಯಾಕೆ ಬಿಡ್ತೀರಿ? ಅದು ಇವತ್ತಿಗೂ ಕರಾಚಿಯ ಮ್ಯೂಸಿಯಂನಲ್ಲಿದೆ.

ಏರೋ_ವಿಶ್ವ
ಅದನ್ನ ಬಿಟ್ಟವರು ಯಾರು? 1971ರ ನವೆಂಬರ್ 22ರ ಬೊಯ್ರಾ ಕಾಳಗ ಹೇಳಲಾ? ನಾಲ್ಕು ನ್ಯಾಟ್ ಸೇಬರ್‌ಗಳ ಮೇಲೆ ಬಿದ್ದದ್ದು. ಡಿಸೆಂಬರ್ 14, ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಒಬ್ಬರೇ ಸೇಬರ್‌ಗಳ ಗುಂಪಿನ ಮೇಲೆ ಬಿದ್ದರು. ವಾಯುಪಡೆಗೆ ಸಿಕ್ಕಿದ ಒಂದೇ ಪರಮವೀರ ಚಕ್ರ ಅದು. ಯಾವ ವಿಮಾನದಲ್ಲಿದ್ದರು? ನ್ಯಾಟ್.

ಎಪ್ಪತ್ತೆರಡರಲ್ಲೊಂದು
ಸೆಖೋಂ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ ಸ್ವಾಮಿ. ಲೆಕ್ಕ ಎರಡೂ ಕಡೆಯದು ಹೇಳಿ ಅಂದೆ, ಅಷ್ಟೇ.

ನಿರ್ವಾಹಕ
ಯುದ್ಧದ ಎಳೆ ಬೇರೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕಿಟ್.

ತಂಪೆರೆ_ಕನ್ನಡಿಗ
ಕಿಟ್‌ಗೆ ಸಂಬಂಧಪಟ್ಟದ್ದೇ ಹೇಳ್ತೀನಿ. ನಾನಿರೋದು ಫಿನ್ಲೆಂಡ್. ಇಲ್ಲಿನ ವಾಯುಪಡೆಯೂ 1958ರಿಂದ ನ್ಯಾಟ್ ಇಟ್ಕೊಂಡಿತ್ತು, ಒಟ್ಟು 13. ಫಿನ್ಲೆಂಡಿನಲ್ಲಿ ಮೊದಲ ಸಲ ಶಬ್ದದ ವೇಗ ದಾಟಿದ್ದೂ ನ್ಯಾಟ್‌ನಲ್ಲೇ, 1958ರ ಜುಲೈ 31ರಂದು ಲೌರಿ ಪೆಕುರಿ ಅನ್ನೋರು. ತಿಕ್ಕಕೊಸ್ಕಿಯ ಮ್ಯೂಸಿಯಂನಲ್ಲಿ ಒಂದು ಎಫ್.1 ನಿಂತಿದೆ, ಮಗನ್ನ ಕರ್ಕೊಂಡು ಹೋದಾಗ ಸುತ್ತ ತಿರುಗಿ ಫೋಟೋ ತೆಗೆದಿದೀನಿ. ಪಕ್ಕದಲ್ಲಿ ಮಿಗ್-21 ನೋಡಿ ಇದರ ಹತ್ತಿರ ಬಂದರೆ ಮಕ್ಕಳ ಪಾರ್ಕಿನದು ಅನ್ಸತ್ತೆ, ಅಷ್ಟು ಚಿಕ್ಕದು. ಹಿಂದಿನ ಜೆಟ್ ಪೈಪಿನ ಫೋಟೋನೂ ಇದೆ. ಬೇಕಾದ್ರೆ ಹಾಕ್ತೀನಿ.

ಶಾಲ್ಮಲಾ_ಕೆ
ದಯವಿಟ್ಟು ಹಾಕಿ! ಅದರಲ್ಲೂ ಜೆಟ್ ಪೈಪ್.

ಮೂಡಲಪಾಳ್ಯ_ಮಿಗ್
ಮೇಡಂ, ಇಷ್ಟು ಕಷ್ಟ ಯಾಕೆ? ಚೆಕ್ ದೇಶದ ಸ್ಪೆಷಲ್ ಹಾಬಿಯವರು 1/72ರಲ್ಲೇ ಅಜೀತ್ ಕಿಟ್ ತಂದಿದ್ದಾರಲ್ಲ, ನ್ಯಾಟನ್ನೇ ಸುಧಾರಿಸಿ ಎಚ್‌ಎಎಲ್ ಮಾಡಿದ್ದು. ನಮ್ಮ ವಾಯುಪಡೆಯ ಡೆಕಾಲ್ ಅದರಲ್ಲೇ ಬರತ್ತೆ. ಅದನ್ನ ತರಿಸಿ, ಇದನ್ನ ಕೆಂಪು ಬಳಿದು ರೆಡ್ ಆ್ಯರೋಸ್ ಮಾಡಿ.

ಎಪ್ಪತ್ತೆರಡರಲ್ಲೊಂದು
ಅಜೀತ್ 1965ರ ನ್ಯಾಟ್ ಅಲ್ಲ ಕಣ್ರೀ. ಅಜೀತ್ ಮೂಲಮಾದರಿ ಹಾರಿದ್ದು 1975ರ ಮಾರ್ಚ್‌ನಲ್ಲಿ. ರೆಕ್ಕೆಯೊಳಗೇ ಇಂಧನ ತುಂಬೋ ವ್ಯವಸ್ಥೆ ಬಂತು, ರೆಕ್ಕೆ ಕೆಳಗೆ ಆಯುಧಕ್ಕೆ ಜಾಗ ಬಿಡುವಾಯ್ತು. ಆದರೆ ಬೆಂಗಳೂರಿನದೇ ಬೇಕು ಅಂದ್ರೆ ಅದಕ್ಕಿಂತ ಬೆಂಗಳೂರಿನದು ಇನ್ನೊಂದಿಲ್ಲ, ಒಪ್ತೀನಿ.

ಮೂಡಲಪಾಳ್ಯ_ಮಿಗ್
ಎಚ್‌ಎಎಲ್‌ನ ಮಾರುತ್ ಫೈಟರ್?

ಎಪ್ಪತ್ತೆರಡರಲ್ಲೊಂದು
ಸರಿ, ಮಾರುತ್ ಬಿಟ್ಟು. ಅದಕ್ಕೂ ಎರಡು ಆರ್ಫಿಯಸ್ಸೇ.

ಮೂಡಲಪಾಳ್ಯ_ಮಿಗ್
ಕಸ್ತೂರಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆಯಲ್ಲ, ಅದರ ಮುಂದೆ ಐಸ್‌ಕ್ರೀಮ್ ತಿಂದವರು ಲಕ್ಷ ಜನ, ಅದರ ಹೆಸರು ಗೊತ್ತಿರೋರು ಹತ್ತು ಜನ.

ಏರೋ_ವಿಶ್ವ
ಮಾರುತ್ ಬಗ್ಗೆ ಶುರು ಮಾಡಿದ್ರೆ ಇವತ್ತು ಮಲಗೋ ಹಾಗಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಹಾರಿಸಿದ್ದು... ಬೇಡ ಬಿಡಿ. ನಿರ್ವಾಹಕರು ನೋಡ್ತಿದಾರೆ.

ನಿರ್ವಾಹಕ
ನೋಡ್ತಿದೀನಿ.

ಏರೋ_ವಿಶ್ವ
ಶಾಲ್ಮಲಾ ಅವರೇ, ಒಂದು ಮಾತು. ನಿಮ್ಮ ತಂದೆ ಜೋಡಿಸ್ತಿದ್ದದ್ದು ಆರ್ಫಿಯಸ್ ಎಂಜಿನ್. ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗ ಶುರುವಾಗಿದ್ದೇ 1957ರಲ್ಲಿ, ಬ್ರಿಸ್ಟಲ್‌ನವರಿಂದ ಲೈಸೆನ್ಸ್ ಪಡೆದು ಅದನ್ನ ಮಾಡೋಕೆ. ಟಿ.1 ಟ್ರೈನರ್‌ನಲ್ಲಿದ್ದದ್ದೂ ಆರ್ಫಿಯಸ್ಸೇ, ನೂಕುಬಲ ಸ್ವಲ್ಪ ಕಡಿಮೆಯ ಮಾದರಿ. ಅಂದ್ರೆ ಈ ಕಿಟ್ಟಿನ ಹೊಟ್ಟೆಯಲ್ಲಿ ಇರಬೇಕಾದದ್ದು ನಿಮ್ಮ ಮನೆಯ ಎಂಜಿನ್ನಿನ ಅಣ್ಣತಮ್ಮನೇ. ವಿಮಾನದ ದೇಶ ಯಾಕೆ ಬದಲಾಯಿಸಬೇಕು? ಟ್ರೈನರ್‌ನ ಟ್ರೈನರ್ ಆಗೇ ಚೆನ್ನಾಗಿ ಮಾಡಿ. ಹಳೇ ಕಿಟ್ಟಿನ ಒರಟುತನ ತೆಗೆಯೋದು ಒಂದು, ಅದನ್ನ ಇನ್ನೇನೋ ಆಗು ಅಂತ ಹಿಂಸೆ ಮಾಡೋದು ಇನ್ನೊಂದು.

ಹುಬ್ಬಳ್ಳಿ_ಹಂಟರ್
ಹಿಂಸೆ ಅಂತ! ಪ್ಲಾಸ್ಟಿಕ್‌ಗೆ ಎಂಥಾ ಹಿಂಸೆ ರೀ?

ಶಾಲ್ಮಲಾ_ಕೆ
ವಿಶ್ವ ಅವರ ಮಾತು ನನಗೆ ಹಿಡಿಸಿತು. ಆದ್ರೆ ರೆಡ್ ಆ್ಯರೋಸ್ ಬೇಡ, ಎಲ್ಲರೂ ಅದೇ ಮಾಡ್ತಾರೆ. ಬೇರೆ ಬಣ್ಣ ಏನಿತ್ತು?

ರನ್‌ವೇ_ರಘು
ವೇಲ್ಸ್‌ನ ವ್ಯಾಲಿ ನೆಲೆಯಲ್ಲಿ ಪೈಲಟ್‌ಗಳಿಗೆ ಕಲಿಸ್ತಿದ್ದ ನ್ಯಾಟ್ ಮಾಡಿ. ಶುರುವಿನ ವರ್ಷಗಳಲ್ಲಿ ಬೆಳ್ಳಿ ಮೈ, ಮೇಲೆ ಕಣ್ಣು ಕುಕ್ಕೋ ಕಿತ್ತಳೆ ಪಟ್ಟೆ. ನಿಮಗೆ ಬೇಕಾದ ಬೆಳ್ಳಿ ಬಣ್ಣವೂ ಸಿಕ್ಕಿತು.

ಮಲೆನಾಡ_ಮಾಡೆಲರ್
ಬೆಳ್ಳಿ ಅಂದ್ರೆ ಗೊತ್ತಲ್ಲ, ಒಂದು ಗೀರು ಉಳಿದಿದ್ದರೂ ಊರಿಗೆಲ್ಲ ಸಾರತ್ತೆ. ಮೊದಲು ಬೂದು ಪ್ರೈಮರ್ ಹೊಡೆದು ನೋಡಿ, ಗೀರು ಕಂಡಲ್ಲಿ 2000ರ ಪೇಪರ್, ಮತ್ತೆ ಪ್ರೈಮರ್. ಅದರ ಮೇಲೆ ಹೊಳಪಿನ ಕಪ್ಪು, ಆಮೇಲೆ ಬೆಳ್ಳಿ ತೆಳ್ಳಗೆ.

ಬಜ್ಪೆ_ಭಟ್ರು
ಮಳೆಗಾಲದಲ್ಲಿ ಮಾತ್ರ ಸ್ಪ್ರೇ ಹೊಡೆಯಬೇಡಿ ಅಂತ ನನ್ನ ಕಳಕಳಿಯ ವಿನಂತಿ. ಕಾರಿನ ಲ್ಯಾಕರ್ ಡಬ್ಬಿ ಇರ್ತದಲ್ಲ, ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹೊಡೆದರೆ ಬಣ್ಣ ಒಣಗುವಾಗ ತಣ್ಣಗಾಗಿ ತೇವವನ್ನು ಎಳೆದುಕೊಂಡು ಬೆಳ್ಳಗೆ ಮಂಜು ಕವಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಕುಂಚವೇ ಗತಿ. ಬೆಂಗಳೂರಿನವರಿಗೆ ಅಷ್ಟು ತೊಂದರೆ ಇಲ್ಲ, ಆದರೂ ಬಿಸಿಲಿರುವ ಮಧ್ಯಾಹ್ನ ನೋಡಿ ಹೊಡೆಯಿರಿ.

ಮೂಡಲಪಾಳ್ಯ_ಮಿಗ್
ಬೆಂಗಳೂರಲ್ಲಿ ಬಿಸಿಲಿರೋ ಮಧ್ಯಾಹ್ನ ಅಂತ ನಂಬ್ಕೊಂಡು ಟೆರೇಸಿಗೆ ಹೋದ್ರೆ ಧೂಳು. ಮುಚ್ಚಳ ಇರೋ ರಟ್ಟಿನ ಪೆಟ್ಟಿಗೆ ಒಳಗೆ ಒಣಗಿಸಿ.

ಶಾಲ್ಮಲಾ_ಕೆ
ಡೆಕಾಲ್ ಹಳದಿ ಆಗಿರೋದಕ್ಕೆ?

ರನ್‌ವೇ_ರಘು
ಕಿಟಕಿ ಗಾಜಿಗೆ ಅಂಟಿಸಿ. ತಮಾಷೆ ಅಲ್ಲ. ಡೆಕಾಲ್ ಹಾಳೆಯನ್ನ ಜಿಪ್ ಕವರಿಗೆ ಹಾಕಿ, ಮುಖ ಹೊರಗೆ ಮಾಡಿ, ನೇರ ಬಿಸಿಲು ಬೀಳೋ ಕಿಟಕಿಗೆ ಟೇಪ್ ಹೊಡೀರಿ. ಕೆಲವು ವಾರದಲ್ಲಿ ಹಳದಿ ಇಳಿಯತ್ತೆ. ಬಣ್ಣಗಳು ಮಾಸ್ತಿವೆಯಾ ಅಂತ ಆಗಾಗ ನೋಡ್ತಿರಿ.

ಆಮೇಲೆ ಹಾಳೆಯ ಮೂಲೆಯಲ್ಲಿ ಬೇಡದ ಚಿಕ್ಕ ಅಕ್ಷರ ಇರತ್ತಲ್ಲ, ಅದೊಂದನ್ನ ಕತ್ತರಿಸಿ ನೀರಿಗೆ ಹಾಕಿ ಪರೀಕ್ಷೆ ಮಾಡಿ. ಚೂರು ಚೂರಾದ್ರೆ ಹಾಳೆ ಪೂರ್ತಿ ಮೇಲೆ ಪಾರದರ್ಶಕ ವಾರ್ನಿಷ್ ತೆಳ್ಳಗೆ ಹೊಡೆದು ಒಣಗಿಸಿ. ಆಗ ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು, ಯಾಕಂದ್ರೆ ಈಗ ಇಡೀ ಹಾಳೆ ಒಂದೇ ಪೊರೆ.

ಹೊಸಬ_17
ಕ್ಯಾನಪಿ? ನನ್ನದೂ ಹಾಗೇ ಮಂಜಾಗಿದೆ.

ಮಲೆನಾಡ_ಮಾಡೆಲರ್
2000ರ ವಾಟರ್ ಪೇಪರ್, ನೀರು ಜಾಸ್ತಿ, ಒಂದೇ ದಿಕ್ಕಿಗೆ. ಆಮೇಲೆ ಹತ್ತಿ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್, ಜೆಲ್ ಅಲ್ಲ. ಕೊನೆಗೆ ಕಾರ್ ಪಾಲಿಶ್. ಬೆರಳ ತುದಿ ಒಳಗೆ ಕೊಟ್ಟು ಉಜ್ಜಿ, ಇಲ್ಲಾಂದ್ರೆ ಟಪ್ ಅಂತ ಸೀಳು ಬಿಡತ್ತೆ.

ಎಪ್ಪತ್ತೆರಡರಲ್ಲೊಂದು
ಅಂಟಿಸೋದು ಫೆವಿಕಾಲ್‌ನಲ್ಲಿ. ಫೆವಿಕ್ವಿಕ್ ಹತ್ತಿರವೂ ತರಬೇಡಿ, ಅದರ ಹಬೆ ಒಳಗಿನಿಂದ ಬಿಳಿ ಪೊರೆ ಕಟ್ಟತ್ತೆ. ಪಾಲಿಶ್ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಬಜ್ಪೆ_ಭಟ್ರು
ಸೀಸಕ್ಕೆ ಫೆವಿಕಾಲ್ ಬೇಡ, ಗಾಜಿಗೆ ಫೆವಿಕಾಲೇ ಬೇಕು. ಬರೆದಿಟ್ಟುಕೊಳ್ಳಿ ತಮ್ಮಾ 17.

ತಂಪೆರೆ_ಕನ್ನಡಿಗ
ಫೋಟೋ ಹಾಕಿದೀನಿ. ಜೆಟ್ ಪೈಪ್ ಗಮನಿಸಿ: ಅಂಚು ತೀರಾ ತೆಳು, ತಗಡು. ಮೈಗೂ ಪೈಪಿಗೂ ನಡುವೆ ಒಂದು ಸಣ್ಣ ಸಂದು, ಸುತ್ತಲೂ ಒಂದೇ ಸಮ. ಪೈಪಿನ ತುದಿ ಸುಟ್ಟ ಕಂದು, ಒಳಗೆ ಹೋದಂತೆ ಬೂದು. ಪೂರ್ತಿ ಕಪ್ಪು ಎಲ್ಲೂ ಇಲ್ಲ.

ಶಾಲ್ಮಲಾ_ಕೆ
ತುಂಬಾ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಫೋನ್ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಆ ಸಂದು ಮುಚ್ಚಬೇಡ, ತಣ್ಣನೆ ಗಾಳಿ ಹೋಗೋದು ಅಲ್ಲೇ" ಅಂದ್ರು. ಆಮೇಲೆ ನನ್ನ ಕೈಲಿದ್ದ ಕಿಟ್ಟಿನ ತುಂಡು ನೋಡಿ, ಇದನ್ನ ಯಾರು ತಪಾಸಣೆ ಮಾಡಿ ಪಾಸ್ ಮಾಡಿದ್ದು ಅಂತ ಕೇಳಿದ್ರು.

ಹಾಗಾಗಿ ಮಾಡೋದು ಹೀಗೆ. ಕಿಟ್ಟಿನ ಪೈಪ್ ಕೊರೆದು ತೆಗೆದುಬಿಡ್ತೀನಿ. ಸಾಫ್ಟ್ ಡ್ರಿಂಕ್ ಕ್ಯಾನಿನ ಅಲ್ಯೂಮಿನಿಯಂ ಪಟ್ಟಿಯನ್ನ ಡ್ರಿಲ್ ಬಿಟ್ಟಿನ ಹಿಡಿಕೆಗೆ ಸುತ್ತಿ ಕೊಳವೆ ಮಾಡಿ, ಮೇಣದ ಬತ್ತಿಯ ತುದಿಯಲ್ಲಿ ತೋರಿಸಿದ್ರೆ ಬಣ್ಣವೂ ತಾನಾಗಿ ಬರಬಹುದು ಅಂತ ಅಪ್ಪನ ಐಡಿಯಾ. ಒಂದು ತುಂಡು ಆಗಲೇ ಸುತ್ತಿ ಇಟ್ಟಿದ್ದಾರೆ. ಸುತ್ತಿನ ಜೋಡಣೆ ಕೆಳಗಡೆ ಬರೋ ಹಾಗೆ ತಿರುಗಿಸಿ, ಅದಕ್ಕೆ ಪೆನ್ಸಿಲ್ ಗುರುತು ಬೇರೆ ಹಾಕಿದ್ದಾರೆ. ವ್ಯಾಲಿಯ ಬೆಳ್ಳಿ-ಕಿತ್ತಳೆ ನ್ಯಾಟ್ ಅಂತ ತೀರ್ಮಾನ. ಅಜೀತ್ ಆಮೇಲೆ ನೋಡೋಣ, ಕಸ್ಟಮ್ಸ್ ಸುಂಕ ಕೇಳಿ ತಲೆ ತಿರುಗಿತು.

ಹುಬ್ಬಳ್ಳಿ_ಹಂಟರ್
ಅಪ್ಪಾರಿಗೆ ನಮ್ಮ ಸಾಷ್ಟಾಂಗ. ಆದ್ರ ರೌಂಡೆಲ್ ನಮ್ದ ಹಾಕ್ಬೇಕಿತ್ತು, ಇದನ್ನ ನಾ ಮರಿಯೂದಿಲ್ಲ.

ಎಪ್ಪತ್ತೆರಡರಲ್ಲೊಂದು
ಮರೀಬೇಡಿ. ನೀವೇ ಒಂದು ತಗೊಂಡು ಮಾಡಿ, ಗನ್ ಸಮೇತ. ಅಳತೆ ತಪ್ಪಿದ್ರೆ ನಾನಿದ್ದೀನಿ.

ನಿವೃತ್ತ_ಸಾರ್ಜೆಂಟ್
ಕ್ಯಾನಿನ ತಗಡಿಗೆ ಎರಡೂ ಕಡೆ ಪೊರೆ ಇರುತ್ತದೆ. ಬಿಸಿ ತೋರಿಸುವ ಮುನ್ನ ಉಜ್ಜಿ ತೆಗೆಯಿರಿ, ಇಲ್ಲವಾದರೆ ಹೊಗೆ. ಕಿಟಕಿ ತೆರೆದಿರಲಿ. ಇನ್ನೊಂದು, ಅಲ್ಯೂಮಿನಿಯಂ ಉಕ್ಕಿನ ಹಾಗೆ ಬಣ್ಣ ತಿರುಗುವುದಿಲ್ಲ. ಮಸಿ ಹಿಡಿಯುತ್ತದೆ ಅಷ್ಟೇ. ಕಂದು ಬಣ್ಣ ನೀವೇ ಕೊಡಬೇಕಾಗುತ್ತದೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಶಾಲ್ಮಲಾ_ಕೆ
ತಿಳಿಸಿದೆ ಸರ್. "ಆ ಸಾರ್ಜೆಂಟ್ ಹೇಳೋದು ಸರಿ, ಆದ್ರೂ ಒಂದು ಸಲ ತೋರಿಸಿ ನೋಡೋಣ" ಅಂತಿದಾರೆ.

ಹೊಸಬ_17
ಡೈಮೊ ಟೇಪ್ ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ? ನಾಲ್ಕು ಸ್ಟೇಷನರಿ ಅಂಗಡಿಯಲ್ಲಿ ಕೇಳಿದೆ, ಹಾಗಂದ್ರೇನು ಅಂದ್ರು.

ಮೂಡಲಪಾಳ್ಯ_ಮಿಗ್
ಹೆಸರು ಹೇಳಬೇಡ. ಅಕ್ಷರ ಒತ್ತೋ ಲೇಬಲ್ ಮೆಷಿನ್ನಿನ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಅಂತ ಕೇಳು. ಅವೆನ್ಯೂ ರಸ್ತೆಗೆ ಹೋಗು, ಭಾನುವಾರ ಬೇಡ.